ನಾಲ್ಕು ಗಂಟೆಯ ಮನೆ

ಮೊದಲು ಕೇಳಿಸಿದ್ದು ಒಂದೇ ಒಂದು ‘ಟಿಣ್’. ಸ್ಟೀಲಿನ ಚಮಚ ಕಬ್ಬಿಣದ ಮಂಚಕ್ಕೆ ತಗುಲಿದ ಸದ್ದು. ಗೋಡೆಯ ಗಡಿಯಾರದಲ್ಲಿ ರಾತ್ರಿ ಮೂರೂ ಇಪ್ಪತ್ತಾಗಿತ್ತು.

ನಮ್ಮ ವಾರ್ಡಿನ ಪ್ರತಿ ಮಂಚದ ತಲೆಯ ಬಳಿ ಗೋಡೆಯಲ್ಲಿ ಒಂದು ಬಿಳಿ ಗುಂಡಿ ಇದೆ. ರೋಗಿ ಅದನ್ನು ಒತ್ತಿದರೆ ನರ್ಸ್‌ಗಳ ಮೇಜಿನ ಮೇಲೆ ದೀಪ ಹತ್ತಬೇಕು. ನಾನು ದಾವಣಗೆರೆಯ ಈ ಆಸ್ಪತ್ರೆಗೆ ಸೇರಿ ಹದಿನಾಲ್ಕು ವರ್ಷವಾಯಿತು. ಆ ದೀಪ ಹತ್ತಿದ್ದನ್ನು ನೋಡಿಲ್ಲ. ಅದಕ್ಕೇ ಚಮಚ. ಹೊಸಬರು ಬಂದು ಮಲಗಿದ ಕೂಡಲೇ ನಾವು ಹೇಳುವ ಮೊದಲ ಮಾತು ಇದು: “ಒಂದು ಚಮಚ ಕೈಗೆ ಸಿಗೋ ಹಂಗೆ ಇಟ್ಕೊಳ್ರಿ. ಏನಾರ ಆತು ಅಂದ್ರೆ ಮಂಚಕ್ಕೆ ಬಡೀರಿ. ನಾನು ಬರ್ತೀನಿ.”

ಆ ರಾತ್ರಿ ಹೆಂಗಸರ ವಾರ್ಡಿನಲ್ಲಿ ನಲವತ್ತೊಂದು ಜನ ರೋಗಿಗಳು. ನರ್ಸ್ ನಾನೊಬ್ಬಳು. ಎರಡು ವಾರ್ಡುಗಳಿಗೆ ಒಬ್ಬಳೇ ಆಯಾ, ಮೈಲಮ್ಮ. ಆ ಹೊತ್ತಿನಲ್ಲಿ ಅವಳು ಮಹಡಿಯ ಮೇಲಿದ್ದಳು. ವಾರ್ಡಿನ ಗ್ರಿಲ್ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಎರಡು ವರ್ಷದ ಹಿಂದೆ ಯಾರೋ ಕುಡಿದವನು ರಾತ್ರಿ ಒಳಗೆ ನುಗ್ಗಿದ ಮೇಲೆ ಬಂದ ಪದ್ಧತಿ ಅದು. ಹತ್ತು ಗಂಟೆಗೆ ವಾಚ್‌ಮನ್ ಮೌಲಾ ಸಾಬ್ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, “ನಿಮ್ಮ ಸೇಫ್ಟಿಗೇ ಸಿಸ್ಟರ್” ಎಂದು ಹೋಗುತ್ತಾರೆ. ಒಳಗಿರುವವಳು ಹೊರಗೆ ಹೋಗಬೇಕಾದರೂ, ಹೊರಗಿನ ಡಾಕ್ಟರು ಒಳಗೆ ಬರಬೇಕಾದರೂ ಮೊದಲು ಅವರಿಗೆ ಫೋನ್ ಮಾಡಬೇಕು.

ಸದ್ದು ಬಂದಾಗ ನಾನು ಆರನೇ ಮಂಚದ ಬಳಿ ಇದ್ದೆ. ಅಲ್ಲಿ ಉಬ್ಬಸದ ಹುಡುಗಿ. ಅವಳ ಆಕ್ಸಿಜನ್ ಸಿಲಿಂಡರ್ ಮುಗಿಯುತ್ತ ಬಂದಿತ್ತು. ಹೊಸದಕ್ಕೆ ಕೀ ಹಾಕಿ ತಿರುಗಿಸುತ್ತಿದ್ದೆ, ಅದು ಬಿಗಿಯಾಗಿತ್ತು. ಹುಡುಗಿ ನನ್ನ ಕೋಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಯಾರಿಗೋ ಬೆಡ್‌ಪ್ಯಾನ್ ಬೇಕಾಗಿರಬಹುದು ಎಂದುಕೊಂಡೆ. ಎರಡನೆಯ ‘ಟಿಣ್’ ಬಂತು, ಮೊದಲಿನದಕ್ಕಿಂತ ಮೆಲ್ಲಗೆ. ಮೂರನೆಯದಕ್ಕೆ ಕಿವಿಗೊಟ್ಟೆ. ಬರಲಿಲ್ಲ. ಬರಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.

ಹುಡುಗಿಯ ಉಸಿರು ಹದಕ್ಕೆ ಬಂದಾಗ ಮೂರೂ ಮೂವತ್ತೆರಡು. ಮೊಬೈಲಿನ ಬೆಳಕು ಹಿಡಿದು ಮಂಚದಿಂದ ಮಂಚಕ್ಕೆ ನೋಡುತ್ತ ಹೋದೆ. ಇಪ್ಪತ್ತೊಂಬತ್ತನೆಯ ಮಂಚದಲ್ಲಿ ಆವರಗೆರೆಯ ದುರುಗವ್ವ, ವಯಸ್ಸು ಅರವತ್ತೆರಡು, ಸಕ್ಕರೆ ಕಾಯಿಲೆ ಮತ್ತು ಎದೆಯಲ್ಲಿ ಕಫ ಎಂದು ಸೇರಿದ್ದವರು. ಬಾಯಿ ತೆರೆದಿತ್ತು. ಚಮಚ ಹೊದಿಕೆಯ ಮೇಲೆ ಬಿದ್ದಿತ್ತು. ಕುತ್ತಿಗೆಗೆ ಬೆರಳಿಟ್ಟೆ, ನಾಡಿ ಸಿಗಲಿಲ್ಲ.

ಒಂದು ಕೈಯಲ್ಲಿ ಎದೆ ಒತ್ತುತ್ತ ಇನ್ನೊಂದು ಕೈಯಲ್ಲಿ ಮೌಲಾ ಸಾಬರಿಗೆ ಫೋನ್ ಮಾಡಿದೆ. ಪಕ್ಕದ ಮಂಚದ ಮುದುಕಿ ಎದ್ದು ಕೂತು, ಗೋಡೆಗೆ ಮುಖ ಮಾಡಿ ಮತ್ತೆ ಮಲಗಿತು. ಬೀಗ ತೆಗೆದ ಸದ್ದು, ಚಪ್ಪಲಿಗಳ ಸದ್ದು, ಡ್ಯೂಟಿ ಡಾಕ್ಟರು. ಹುಡುಗು ಮುಖದ ಡಾಕ್ಟರು ಹತ್ತು ನಿಮಿಷ ಬೆವರು ಸುರಿಸಿ ನಿಲ್ಲಿಸಿದರು. “ಮೂರೂ ಐವತ್ತೆರಡು. ಬರ್ಕೊಳ್ಳಿ ಸಿಸ್ಟರ್” ಎಂದರು.

ಬರೆದುಕೊಳ್ಳಲು ಚಾರ್ಟ್ ತೆರೆದೆ. ನಾಲ್ಕು ಗಂಟೆಯ ಮನೆ ಆಗಲೇ ತುಂಬಿತ್ತು. ನನ್ನದೇ ಅಕ್ಷರ. ಬಿ.ಪಿ. 124/80. ನಾಡಿ 82. ನಿದ್ರೆಯಲ್ಲಿದ್ದಾರೆ.

ಮನೆ ಎಂದರೆ ಚಾರ್ಟಿನ ಚೌಕ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯ ಬಿ.ಪಿ., ನಾಡಿ, ಜ್ವರ ನೋಡಿ ಆಯಾ ಚೌಕದಲ್ಲಿ ಬರೆಯಬೇಕು. ಒಬ್ಬರನ್ನು ಸರಿಯಾಗಿ ನೋಡಲು ನಾಲ್ಕು ನಿಮಿಷ ಬೇಕು. ನಲವತ್ತು ಜನಕ್ಕೆ ನೂರ ಅರವತ್ತು ನಿಮಿಷ. ಎರಡು ಗಂಟೆಯಲ್ಲಿ ಇರುವುದು ನೂರ ಇಪ್ಪತ್ತು. ಆದ್ದರಿಂದ ಸ್ವಲ್ಪ ಚೆನ್ನಾಗಿರುವವರ ಎರಡರ ಮನೆ, ನಾಲ್ಕರ ಮನೆಗಳನ್ನು ಹನ್ನೆರಡಕ್ಕೇ ಅಂದಾಜಿನಲ್ಲಿ ತುಂಬಿ, ಕೆಟ್ಟಿರುವವರ ಕಡೆ ಓಡುತ್ತೇವೆ. ಇದನ್ನು ಯಾವ ನರ್ಸಿಂಗ್ ಕಾಲೇಜಿನಲ್ಲೂ ಕಲಿಸುವುದಿಲ್ಲ. ನನಗೆ ನನ್ನ ಹಿರಿಯರು ಕಲಿಸಿದರು. ಗುತ್ತಿಗೆಯ ಮೇಲೆ ಹೊಸದಾಗಿ ಬಂದ ರೇಖಾಳಿಗೆ ನಾನು ಕಲಿಸಿದೆ. “ಮದ್ವೇನೇ ಆಗಿಲ್ಲ, ಆಗಲೇ ಮನೆ ತುಂಬ್ಸೋದು ಹೇಳ್ಕೊಡ್ತಿದಾರೆ ಪ್ರೇಮಕ್ಕ” ಎಂದು ಅವಳು ನಕ್ಕಿದ್ದಳು. ನಾನೂ ನಕ್ಕಿದ್ದೆ.

ಡಾಕ್ಟರು ಕೈ ತೊಳೆಯಲು ಹೋದರು. ನಾನು ಹೊಸ ಹಾಳೆ ತೆಗೆದು ಹತ್ತರ ಮನೆ, ಹನ್ನೆರಡರ ಮನೆ, ಎರಡರ ಮನೆಗಳನ್ನು ನಕಲು ಮಾಡಿದೆ. ಎರಡರದ್ದೂ ನೋಡಿ ಬರೆದದ್ದಲ್ಲ; ಆದರೆ ಎರಡು ಗಂಟೆಗೆ ದುರುಗವ್ವ ಬದುಕಿದ್ದರು. ನಾಲ್ಕರ ಮನೆಯ ಮೇಲೆ ಅಡ್ಡಗೆರೆ ಎಳೆದು ಸಾವಿನ ಹೊತ್ತು ಬರೆದೆ. ಹಳೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಊಟದ ಚೀಲದೊಳಗೆ, ಡಬ್ಬಿಯ ಅಡಿಗೆ ಇಟ್ಟೆ. ತಲೆ ಎತ್ತಿದಾಗ ಮೈಲಮ್ಮ ನಿಂತಿದ್ದಳು.

“ಏನವ್ವ ಅದು?”

“ಹಳೇ ಹಾಳೆ ಮೈಲಮ್ಮ. ಮಸಿ ಚೆಲ್ತು.”

“ಕಸದ ಡಬ್ಬಿ ಇಲ್ಲೇ ಐತಲ್ಲ” ಎಂದಳು. ದುರುಗವ್ವನ ಗದ್ದಕ್ಕೆ ಪಟ್ಟಿ ಕಟ್ಟಲು ಶುರು ಮಾಡಿದಳು. ಅವಳ ಕೈಗಳು ನಿಧಾನವಾಗಿದ್ದವು. ಹೊದಿಕೆ ಸರಿ ಮಾಡುವಾಗ ಕೈಗೆ ಸಿಕ್ಕಿದ ಚಮಚವನ್ನು ನಾನು ಕೋಟಿನ ಜೇಬಿಗೆ ಹಾಕಿಕೊಂಡೆ. ಯಾಕೆ ಎಂದು ಆಗ ಯೋಚಿಸಲಿಲ್ಲ.

ಬೆಳಿಗ್ಗೆ ದುರುಗವ್ವನ ಮಗಳು ಆಶಾ ಬಂದಳು. ಹಿಂದಿನ ಸಂಜೆ ಅವಳನ್ನು ಮನೆಗೆ ಕಳಿಸಿದ್ದು ನಾನೇ. ಮಗುವಿಗೆ ಜ್ವರ ಎಂದು ಫೋನ್ ಬಂದು, ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. “ಹೋಗವ್ವ, ಅವ್ರ ಕೈಯಾಗೆ ಚಮಚ ಐತೆ, ನಾನಿದೀನಿ” ಎಂದಿದ್ದೆ. ಈಗ ಅವಳು ತಾಯಿಯ ಪಾದ ಹಿಡಿದು ಅಳುತ್ತಿದ್ದಳು. ಅವಳ ಗಂಡನ ಆಟೊದ ಹಿಂದೆ ಆಂಬುಲೆನ್ಸ್ ಹೋಗುವ ತನಕ ನಾನು ಮೆಟ್ಟಿಲ ಮೇಲೆ ನಿಂತಿದ್ದೆ.

ಮರುದಿನ ಹರಿಹರದಲ್ಲಿ ಸಭೆ.

ಈ ಸಭೆಗಾಗಿ ನಾನು ಮೂರು ವರ್ಷ ಕಾದಿದ್ದೆ. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎಂದು ಎಲ್ಲಿಯಾದರೂ ಒಂದು ಕಡೆ ಬರೆಯಿರಿ ಎಂದು ಮನವಿಯ ಮೇಲೆ ಮನವಿ ಕೊಟ್ಟಿದ್ದೆ. ಇನ್ನೂರ ಹದಿನೆಂಟು ನರ್ಸ್‌ಗಳ ಸಹಿ ಕೂಡಿಸಿದ್ದೆ. ಕೊನೆಗೆ ನಮ್ಮ ಕಡೆಯ ಆಸ್ಪತ್ರೆಗಳ ರಾತ್ರಿ ಪಾಳಿಗೆ ನಿಯಮ ಬರೆಯಲು ಒಂದು ಸಮಿತಿ ಆಯಿತು. ನಿಯಮ ಬರೆಯುವ ಮೇಜಿನ ಸುತ್ತ ನರ್ಸ್‌ಗಳೂ ಕೂತಿರಬೇಕು ಎಂದು ಯಾರೋ ಹೇಳಿದರು. ಹನ್ನೊಂದು ಕುರ್ಚಿಗಳಲ್ಲಿ ಎರಡು ನಮಗೆ ಸಿಕ್ಕವು. ಒಂದು ನನಗೆ, ಇನ್ನೊಂದು ಹರಿಹರದ ಹಿರಿಯ ನರ್ಸ್ ಸನೋಬರ್ ಅವರಿಗೆ. ಮೊದಲ ಕರಡಿನ ಏಳನೇ ಕಲಮಿನಲ್ಲಿ ನಾನು ಕೇಳಿದ್ದು ಅಚ್ಚಾಗಿಯೂ ಇತ್ತು: ‘ರಾತ್ರಿ ಪಾಳಿಯಲ್ಲಿ ಪ್ರತಿ ಹನ್ನೆರಡು ಹಾಸಿಗೆಗೆ ಒಬ್ಬ ಶುಶ್ರೂಷಕಿ.’ ಆ ಪುಟವನ್ನು ನಾನು ಮನೆಯಲ್ಲಿ ದೇವರ ಪಟದ ಹಿಂದೆ ಇಟ್ಟಿದ್ದೆ.

ನಮ್ಮ ಮನೆ ಇರುವುದೂ ಹರಿಹರದಲ್ಲೇ. ಕೆಲಸಕ್ಕೆ ದಿನಾ ದಾವಣಗೆರೆಗೆ ಬಸ್ಸು. ಅವತ್ತು ಮಾತ್ರ ನಡೆದು ಹೋಗುವಷ್ಟು ದೂರ. ಹೊರಡುವಾಗ ಗಂಡ ಹಾಲಸ್ವಾಮಿ, “ಏನು ಮೇಡಂ, ಇವತ್ತು ಕಾನೂನು ಬರೆಯೋಕೆ ಹೊಂಟೀರಿ. ಗಂಡಂದಿರಿಗೂ ಒಂದು ಕಲಮು ಹಾಕ್ಸಿ” ಎಂದರು. ನಾನು ನಗಲಿಲ್ಲವೆಂದು ಮುಖ ನೋಡಿದರು. “ನಿದ್ದೆ ಇಲ್ಲ, ನೈಟ್ ಡ್ಯೂಟಿ” ಎಂದೆ. ಊಟದ ಚೀಲ ನನ್ನ ಹೆಗಲಲ್ಲೇ ಇತ್ತು. “ಅಲ್ಲೇ ಊಟ ಕೊಡ್ತಾರಲ್ಲ, ಇದು ಯಾಕೆ?” ಎಂದರು. ಸಭೆ ಮುಗಿದು ಹಾಗೇ ಡ್ಯೂಟಿಗೆ ಹೋಗಬೇಕು ಎಂದೆ. ಅದು ನಿಜವೂ ಆಗಿತ್ತು.

ಸಭೆ ಇದ್ದದ್ದು ಹೊಳೆಯ ಕಡೆಗಿನ ಒಂದು ಅತಿಥಿಗೃಹದ ಮಹಡಿಯಲ್ಲಿ. ಏಸಿ ಹಾಕಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಅಧ್ಯಕ್ಷರಾದ ಅಧಿಕಾರಿ ಅಂಜನ್ ಕುಮಾರ್ ಸಭ್ಯಸ್ಥರು. ನನ್ನನ್ನು ಕಂಡು ಅರ್ಧ ಎದ್ದು, “ಬರ್ರಿ, ಕೂಡ್ರಿ ಪ್ರೇಮಲತಾ ಅವರೇ” ಎಂದರು. ನನ್ನ ಮುಂದೆ ಹೊಸ ಕರಡು ಇತ್ತು. ಮೊದಲು ಏಳನೇ ಕಲಮು ನೋಡಿದೆ. ಹನ್ನೆರಡು ಎಂಬ ಸಂಖ್ಯೆ ಇರಲಿಲ್ಲ. ‘ಅಗತ್ಯಕ್ಕೆ ತಕ್ಕಂತೆ ಶುಶ್ರೂಷಕಿಯರನ್ನು ನಿಯೋಜಿಸತಕ್ಕದ್ದು’ ಎಂದಿತ್ತು.

“ಸರ್, ಸಂಖ್ಯೆ ಹೋಗೈತೆ” ಎಂದೆ.

“ಅದನ್ನೇ ಮಾತಾಡೋಣ. ನಿಮ್ಮ ಮನವಿ ಓದಿದೀನಿ. ನಾಲ್ಕು ನಿಮಿಷ, ನಲವತ್ತು ರೋಗಿ, ನೂರ ಅರವತ್ತು. ಚೆನ್ನಾಗಿದೆ ಲೆಕ್ಕ. ನನ್ನ ಮಗಳಿಗೂ ಹೇಳ್ದೆ.” ಅವರು ಒಂದು ದಪ್ಪ ಫೈಲನ್ನು ನನ್ನ ಕಡೆಗೆ ತಳ್ಳಿದರು. “ಈಗ ಇದನ್ನ ನೋಡಿ. ನಿಮ್ಮದೇ ವಾರ್ಡು, ಒಂದು ತಿಂಗಳಿನ ಚಾರ್ಟು. ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಒಂದು ಕಾಲಂ ಖಾಲಿ ಇಲ್ಲ. ಆಗಲ್ಲ ಅಂತ ನಿಮ್ಮ ಲೆಕ್ಕ ಹೇಳ್ತದೆ, ಆಗಿದೆ ಅಂತ ನಿಮ್ಮ ಚಾರ್ಟು ಹೇಳ್ತದೆ. ಎರಡೂ ನಿಮ್ಮ ಅಕ್ಷರಾನೇ. ನಾನು ಯಾವುದನ್ನ ನಂಬಲಿ?”

ಆ ಚಾರ್ಟುಗಳನ್ನು ಕಳಿಸಿದವಳು ನಾನೇ. ಸಮಿತಿ ಮಾದರಿಗೆ ಕೇಳಿದಾಗ ಅಲ್ಲಲ್ಲಿ ಖಾಲಿ ಮನೆಗಳಿದ್ದವು, ಪ್ರತಿ ರಾತ್ರಿ ಹತ್ತೋ ಹದಿನೈದೋ. ಆಫೀಸಿಗೆ ಹೋಗುವ ಕಾಗದ ಹೀಗಿರಬಾರದು ಎಂದು ನಾನೂ ರೇಖಾಳೂ ಒಂದು ಸಂಜೆ ಮಂಡಕ್ಕಿ ತಿನ್ನುತ್ತ ಕೂತು, ಬೇರೆ ಬೇರೆ ಪೆನ್ನು ಬಳಸಿ ಎಲ್ಲವನ್ನೂ ತುಂಬಿದ್ದೆವು. ಎಣ್ಣೆ ಕೈ ತಾಗಬಾರದೆಂದು ನಾನು ನಡುನಡುವೆ ಎದ್ದು ಕೈ ತೊಳೆದು ಬಂದಿದ್ದೆ. ನಮ್ಮ ಮಾತಿಗೆ ಸಾಕ್ಷಿಯಾಗಿದ್ದ ಖಾಲಿ ಜಾಗಗಳನ್ನು ಹಾಗೆ ನೀಟಾಗಿ ಅಳಿಸಿದ್ದೆ.

ಕೈ ತಾನಾಗಿ ಊಟದ ಚೀಲಕ್ಕೆ ಹೋಯಿತು. ಜಿಪ್ಪು ಎಳೆದೆ. ಹಾಳೆಯ ಮೂಲೆ ಬೆರಳಿಗೆ ಸಿಕ್ಕಿತು. ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟರೆ ಸಾಕಾಗಿತ್ತು. ನಾಲ್ಕು ಗಂಟೆಗೆ ನಾಡಿ ಎಂಬತ್ತೆರಡು ಇರುವ ಹೆಂಗಸು ಮೂರೂ ಐವತ್ತೆರಡಕ್ಕೆ ಸತ್ತಿದ್ದಾಳೆ ನೋಡಿ ಸರ್, ನಿಮ್ಮ ಕೈಯಲ್ಲಿರುವ ಇಡೀ ಫೈಲು ಹೀಗೇ ಎಂದರೆ, ಆ ಕೋಣೆಯಲ್ಲಿ ಯಾರಿಗೂ ಉತ್ತರ ಇರುತ್ತಿರಲಿಲ್ಲ.

ಮೇಜಿನ ಕೆಳಗೆ ಸನೋಬರ್ ನನ್ನ ಮಣಿಕಟ್ಟು ಹಿಡಿದರು. “ಸರ್, ಒಂದು ಚಹಾ ಆಗ್ಲಿ. ರಾತ್ರಿ ಪಾಳಿ ಮಾಡಿ ಬಂದೋರು ಅದಾರೆ” ಎಂದು ಜೋರಾಗಿ ಹೇಳಿದರು.

ವರಾಂಡದಲ್ಲಿ ಕಪ್ಪು ಹಿಡಿದು ನಿಂತೆವು. ನಾವೆಲ್ಲ ಅಕ್ಕ ಎಂಬರ್ಥದಲ್ಲಿ ‘ಆಪಾ’ ಎನ್ನುವ ಸನೋಬರ್ ಅವರಿಗೆ ನಿವೃತ್ತಿಗೆ ಎಂಟು ತಿಂಗಳಿದೆ. ನಡು ನೋವಿಗೆ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತಾರೆ.

“ಚೀಲದಾಗೆ ಏನೈತೆ?”

“ಏನಿಲ್ಲ ಆಪಾ.”

“ಮೂವತ್ತ್ನಾಲ್ಕು ವರ್ಷ ಆತು ಪ್ರೇಮಾ ನಾನು ಮನೆ ತುಂಬೋಕೆ ಹತ್ತಿ. ನಾನು ತುಂಬಿದ ಮನೆ ಎಲ್ಲಾ ಸಾಲಿಗೆ ಕಟ್ಟಿದ್ರೆ ಹರಿಹರದಾಗೆ ಒಂದು ಬಡಾವಣೆ ಆಗ್ತಿತ್ತು.” ಅವರು ಚಹಾ ಊದಿದರು. “ನಿನ್ನ ಮುಖ ನೋಡಿದ್ರೆ ಏನೋ ಆಗೈತೆ. ಏನು ಅಂತ ನನಗೆ ಹೇಳಬ್ಯಾಡ. ಹೇಳಿದ್ರೆ ನನಗೂ ಗೊತ್ತಿದ್ದಂಗೆ ಆಗ್ತದೆ. ಆದ್ರೆ ಒಂದು ಕೇಳು. ಒಳಗೆ ಬಾಯಿ ಬಿಟ್ರೆ ಅವ್ರು ನಿಂದು ಒಂದೇ ಹಾಳೆ ನೋಡಿ ಸುಮ್ಮನಾಗಲ್ಲ. ಎಲ್ಲಾ ಆಸ್ಪತ್ರೆ ಕಪಾಟು ತೆಗಿತಾರೆ. ಸಹಿ ಹಾಕಿದ್ರಲ್ಲ ಇನ್ನೂರ ಹದಿನೆಂಟು ಜನ, ಅವ್ರೆಲ್ಲರ ಅಕ್ಷರ ಸಿಗ್ತದೆ. ಮೊದಲು ಹೋಗೋರು ನಿಮ್ಮ ರೇಖಾ ಅಂಥ ಗುತ್ತಿಗೆ ಹುಡುಗೀರು.”

“ಹೇಳದಿದ್ರೆ ಏಳನೇ ಕಲಮು ಹಂಗೇ ಉಳಿತದೆ ಆಪಾ. ನಮ್ಮ ಚಾರ್ಟು ತೋರಿಸೇ ಉಳಿಸ್ತಾರೆ. ಇನ್ನು ಯಾವತ್ತೂ ನಾವು ಕೇಳಂಗಿಲ್ಲ.”

“ಹೌದು” ಎಂದರು ಸನೋಬರ್. “ಅದಕ್ಕೇನು ಮಾಡೋದು ಅಂತ ನನಗೆ ಗೊತ್ತಾಗ್ತಿಲ್ಲ.”

ಒಳಗೆ ಹೋದ ಮೇಲೆ ನಾನು ಒಂದು ವಾಕ್ಯವನ್ನು ಮನಸ್ಸಿನಲ್ಲಿ ನಾಲ್ಕು ಸಲ ತಿದ್ದಿ ಹೇಳಿದೆ. “ಸರ್, ಎಲ್ಲಾ ಕಾಲಮ್ಮೂ ಆಯಾ ಹೊತ್ತಿಗೇ ತುಂಬಿದ್ದು ಅಂತ ಹೇಳೋಕೆ ಆಗಲ್ಲ.”

ಟೈಪು ಮಾಡುತ್ತಿದ್ದ ಗುಮಾಸ್ತನ ಬೆರಳು ನಿಂತಿತು.

“ಯಾವುದು?” ಎಂದರು ಅಂಜನ್ ಕುಮಾರ್. ಸಿಟ್ಟಿರಲಿಲ್ಲ. “ಯಾವ ತಾರೀಕು, ಯಾರು ಬರೆದದ್ದು? ತಪ್ಪು ತಿಳ್ಕೋಬೇಡಿ. ಹೆಸರಿಲ್ದೆ ಹೇಳಿದ್ರೆ ಅದು ಬರೀ ಮಾತು, ನಡವಳಿಯಲ್ಲಿ ಬರೆಸೋಕಾಗಲ್ಲ. ಹೆಸರಿಟ್ಟು ಹೇಳಿದ್ರೆ ದಾಖಲೆ ತಿದ್ದಿದ ಕೇಸು, ನಾನು ಮುಂದಕ್ಕೆ ಕಳಿಸ್ಲೇಬೇಕು. ನೀವೇ ಹೇಳಿ, ಹೆಂಗೆ ಬರೆಸ್ಲಿ?”

ಮೇಜಿನ ಸುತ್ತಲಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ಬಾಗಿಲು ನನ್ನ ಬೆನ್ನ ಹಿಂದೆ ಎಷ್ಟು ಹೆಜ್ಜೆ ದೂರವಿದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಯಾರೂ ಅದಕ್ಕೆ ಬೀಗ ಹಾಕಿರಲಿಲ್ಲ.

“ಬರೆಸೋದು ಬ್ಯಾಡ ಸರ್” ಎಂದೆ.

ಅವರು ತಲೆಯಾಡಿಸಿ ಮುಂದಿನ ಕಲಮಿಗೆ ಪುಟ ತಿರುವಿದರು. ಆ ಪುಟದ ಸದ್ದು ಕೇಳಿ ನನ್ನ ಬಾಯಿಂದ ಇನ್ನೊಂದು ಮಾತು ಬಂತು. ಅದನ್ನು ಮೊದಲೇ ಯೋಚಿಸಿರಲಿಲ್ಲ. “ಸರ್, ಚಾರ್ಟಿನಾಗೆ ಒಂದು ಪದಕ್ಕೆ ಜಾಗ ಕೊಡ್ರಿ. ‘ನೋಡಲಾಗಲಿಲ್ಲ’ ಅಂತ. ಆ ಹೊತ್ತಿಗೆ ಆ ರೋಗೀನ ನೋಡೋಕೆ ಆಗಿಲ್ಲ ಅಂದ್ರೆ ನರ್ಸು ಆ ಪದ ಬರೀಬಹುದು. ಬರೆದೋಳಿಗೆ ನೋಟಿಸ್ ಕೊಡಂಗಿಲ್ಲ.”

“ಒಂದೂ ಖಾಲಿ ಇಲ್ಲ ಅಂದ್ಮೇಲೆ ಆ ಪದ ಯಾಕಮ್ಮ?” ಎಂದರು ಎದುರಿನ ಹಿರಿಯ ಡಾಕ್ಟರು.

ಸನೋಬರ್ ಕನ್ನಡಕ ತೆಗೆದು ಸೆರಗಿಗೆ ಒರೆಸಿದರು. “ಒಂದೂ ಖಾಲಿ ಇಲ್ಲ ಅಂದ್ಮೇಲೆ ಕೊಡೋಕೆ ಹೆದರಿಕೆ ಯಾಕ ಡಾಕ್ಟ್ರೇ? ಯಾರೂ ಬರೆಯಲ್ಲ ಅಲ್ಲಾ. ಒಂದು ಸಾಲು ಸುಮ್ನೆ ಬಿದ್ದಿರ್ತದೆ.”

ಎಲ್ಲರೂ ನಕ್ಕರು. ಅಂಜನ್ ಕುಮಾರರೂ ನಕ್ಕರು. ಆ ನಗೆಯಲ್ಲೇ ಅದು ಪಾಸಾಯಿತು. ಮೂರು ತಿಂಗಳು ಪ್ರಯೋಗಕ್ಕೆ, ನಮ್ಮ ವಾರ್ಡಿನಲ್ಲಿ ಮಾತ್ರ, ಅವತ್ತಿನಿಂದಲೇ. ಆಮೇಲೆ ಅಂಕಿಗಳನ್ನು ನೋಡಿ ಏಳನೇ ಕಲಮನ್ನು ಮತ್ತೆ ತೆಗೆಯಬಹುದು. ಅಲ್ಲಿಯವರೆಗೆ ‘ಅಗತ್ಯಕ್ಕೆ ತಕ್ಕಂತೆ’. ಗುಮಾಸ್ತ ನಡವಳಿಯ ಹಾಳೆ ತಂದ. ಏಳನೇ ಕಲಮಿನ ಎದುರಿಗೆ ‘ಶುಶ್ರೂಷಕಿಯರ ಪ್ರತಿನಿಧಿಗಳ ಸಮ್ಮತಿಯೊಂದಿಗೆ’ ಎಂದಿತ್ತು. ಸನೋಬರ್ ಸಹಿ ಹಾಕಿದರು. ನಾನೂ ಹಾಕಿದೆ.

ದಾವಣಗೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟ. ಮೂರು ತಿಂಗಳು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮೂರು ತಿಂಗಳು ನಮ್ಮ ವಾರ್ಡಿನ ಮೇಲೆ ಯಾವ ದೂರೂ ಬರಬಾರದು. ಬಂದರೆ ಆ ಪದವೂ ಹೋಗುತ್ತದೆ. ಇದು ಹೆದರಿಕೆಯೋ ವಿವೇಕವೋ ಎಂದು ಎಷ್ಟು ಯೋಚಿಸಿದರೂ ಬಿಡಿಸಿ ನೋಡಲಾಗಲಿಲ್ಲ.

ವಾರ್ಡಿನ ಮೆಟ್ಟಿಲ ಮೇಲೆ ಆಶಾ ಕೂತಿದ್ದಳು. ಸೊಂಟದಲ್ಲಿ ಮಗು, ಅದರ ಹಣೆಯ ಮೇಲೆ ಒದ್ದೆ ಬಟ್ಟೆ. ನನ್ನನ್ನು ಕಂಡು ಎದ್ದು ನಿಂತಳು.

“ಮರಣದ ಚೀಟಿ ಕೇಳೋಕೆ ಬಂದಿದ್ದೆ ಅಕ್ಕಾರೆ. ಸೋಮವಾರ ಬಾ ಅಂದ್ರು. ಅದಕ್ಕಲ್ಲ ನಾನು ಕುಂತಿದ್ದು.” ಅವಳು ಸಂಕೋಚದಿಂದ ಮಗುವಿನ ಬಟ್ಟೆ ಸರಿ ಮಾಡಿದಳು. “ಅವ್ವನ ಸಾಮಾನಿನಾಗೆ ಒಂದು ಚಮಚ ಸಿಗ್ಲಿಲ್ಲ. ಚಮಚಕ್ಕೆ ಬಂದಾಳೆ ಅನ್ಬ್ಯಾಡ್ರಿ. ಅಪ್ಪನ ಹೆಸ್ರು ಕೊರ್ಸಿತ್ತು ಅದ್ರಾಗೆ. ಮಂಡಿಪೇಟೆಯಾಗೆ ತಟ್ಟೆ, ಲೋಟ, ಚಮಚ ಎಲ್ಲಾ ಜೋಡಿ ತಂದಿದ್ರು. ತಟ್ಟೆ ಐತೆ, ಲೋಟ ಐತೆ.”

ಕೋಟು ಚೀಲದಲ್ಲಿತ್ತು. ಊಟದ ಡಬ್ಬಿ ತೆಗೆದು, ಮಡಿಸಿದ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಕೋಟಿನ ಜೇಬಿನಿಂದ ಚಮಚ ತೆಗೆದೆ. ಹಿಡಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ‘ಉಚ್ಚೆಂಗಪ್ಪ’ ಎಂದಿತ್ತು. ನಾನು ಆವರೆಗೆ ನೋಡಿರಲಿಲ್ಲ. ಆಶಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮಗು ಕೈ ಚಾಚಿತು, ಕೊಡಲಿಲ್ಲ.

“ಅವ್ವ ಇದನ್ನ ಬಡಿದ್ಲಾ ಅಕ್ಕಾರೆ?”

ಮೆಟ್ಟಿಲಲ್ಲಿ ಯಾರೋ ಹತ್ತಿ ಹೋದರು. ನಾವಿಬ್ಬರೂ ಗೋಡೆಗೆ ಸರಿದೆವು.

“ನಿನ್ನೆಯಿಂದ ಅದೇ ತಲ್ಯಾಗೆ. ಬಡಿದ್ಲೇನೋ, ನನ್ನ ಕರೆದ್ಲೇನೋ ಅಂತ. ನಾನಿದ್ದಿದ್ರೆ ಎದ್ದು ನಿಮ್ಮನ್ನ ಕರ್ಕೊಂಡು ಬರ್ತಿದ್ನಲ್ಲ. ನಮ್ಮತ್ತೆ ಬೇರೆ ಅಂತಾರೆ, ತಾಯೀನ ಬಿಟ್ಟು ಬಂದ್ಲು ಅಂತ. ನಿಜ ಹೇಳ್ರಿ.”

ಎರಡು ಸಲ ಎಂದು ಹೇಳಬೇಕಿತ್ತು. ಮೂರೂ ಇಪ್ಪತ್ತಕ್ಕೆ ಎರಡು ಸಲ, ನಾನು ಬಂದದ್ದು ಹನ್ನೆರಡು ನಿಮಿಷದ ಮೇಲೆ ಎಂದು. ಅವಳ ಮುಖ ನೋಡಿದೆ. ಅವಳು ನನ್ನ ಬಾಯಿ ನೋಡುತ್ತಿದ್ದಳು.

“ಇಲ್ಲವ್ವ” ಎಂದೆ. “ನಿದ್ದೇಲಿದ್ರು.”

ಹೇಳಿದ ಮೇಲೆ ಗೊತ್ತಾಯಿತು, ಅದು ನಾಲ್ಕು ಗಂಟೆಯ ಮನೆಯಲ್ಲಿ ನಾನು ಬರೆದಿದ್ದ ಮಾತೇ.

ಆಶಾಳ ಹೆಗಲು ಹೊರೆ ಇಳಿಸಿದಂತೆ ಕೆಳಗಿಳಿಯಿತು. ಅತ್ತಳು, ಆದರೆ ಹಿಂದಿನ ದಿನ ಬೆಳಗಿನ ಅಳು ಅದಾಗಿರಲಿಲ್ಲ. “ಹಂಗಾದ್ರೆ ನಾನು ಮನೀಗೆ ಹೋಗಿದ್ದು ತಪ್ಪಲ್ಲ ಅಲ್ವಾ?”

“ತಪ್ಪಲ್ಲ.”

“ನಿಮ್ಮ ಹೊಟ್ಟೆ ತಣ್ಣಗಿರ್ಲಿ” ಎಂದು ಬಗ್ಗಿ ನನ್ನ ಪಾದ ಮುಟ್ಟಲು ಬಂದಳು. ಹಿಂದೆ ಸರಿದೆ, ಬೆನ್ನಿಗೆ ಗೋಡೆ ತಗುಲಿತು. ಅವಳು ಚಮಚವನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಇಳಿದು ಹೋದಳು. ಕೂಗಿ ಕರೆದರೆ ಕೇಳುವಷ್ಟು ದೂರದಲ್ಲಿ ಬಹಳ ಹೊತ್ತು ಇದ್ದಳು, ಗಂಡನ ಆಟೊ ಬರುವ ತನಕ.

ಎಂಟು ಗಂಟೆಗೆ ರೇಖಾ ಪಾಳಿ ಒಪ್ಪಿಸಿದಳು. ಸಭೆಯ ಆದೇಶ ವಾಟ್ಸಾಪಿನಲ್ಲಿ ಆಗಲೇ ಬಂದಿತ್ತು. “ಅಕ್ಕಾ, ‘ನೋಡಲಾಗಲಿಲ್ಲ’ ಅಂತ ಬರೆದ್ರೆ ನಿಜವಾಗ್ಲೂ ಏನೂ ಅನ್ನಲ್ವಾ? ನಂಗೆ ಹೆದರಿಕೆ ಆಗ್ತೈತೆ. ಮೊದಲನೇದು ಯಾರು ಬರೆಯೋದು?”

“ನಾನು” ಎಂದೆ.

“ನೀವಿದ್ದಿದ್ದಕ್ಕೆ ಇಷ್ಟಾತು ನೋಡ್ರಿ. ಬೇರೆ ಯಾರಿದ್ರೂ ಹೇಳೋಕೆ ಧೈರ್ಯ ಬರ್ತಿರ್ಲಿಲ್ಲ” ಎಂದು ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

ಇಪ್ಪತ್ತೊಂಬತ್ತನೇ ಮಂಚಕ್ಕೆ ಆನೆಕೊಂಡದಿಂದ ಹೊಸಬರು ಬಂದಿದ್ದರು, ಕಮಲಕ್ಕ ಎಂದು, ಒಂಟಿ ಹೆಂಗಸು. “ಒಂದು ಚಮಚ ಕೈಗೆ ಸಿಗೋ ಹಂಗೆ ಇಟ್ಕೊಳ್ರಿ” ಎಂದೆ. “ಏನಾರ ಆತು ಅಂದ್ರೆ ಮಂಚಕ್ಕೆ ಬಡೀರಿ.” ಮುಂದಿನ ಮಾತು ಬರಲಿಲ್ಲ. ಆಕೆ ಕಾದು ನೋಡಿ, “ಬಡಿದ್ರೆ ನೀವು ಬರ್ತೀರಲ್ಲ?” ಎಂದರು. ಹೂಂ ಎಂದೆ.

ಹತ್ತಕ್ಕೆ ಮೌಲಾ ಸಾಬ್ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಹೋದರು. ಹನ್ನೆರಡಕ್ಕೆ ನಾನು ಯಾವ ಮನೆಯನ್ನೂ ಮುಂದಾಗಿ ತುಂಬಲಿಲ್ಲ. ಎರಡು ಗಂಟೆಯ ಸುತ್ತು ಮುಗಿಸುವಾಗ ನಾಲ್ಕು ದಾಟಿತ್ತು. ಹದಿನಾಲ್ಕು ಮನೆಗಳಲ್ಲಿ ‘ನೋಡಲಾಗಲಿಲ್ಲ’ ಎಂದು ಬರೆದೆ.

ಮೈಲಮ್ಮ ಮಹಡಿಯಿಂದ ಇಳಿದು ಬಂದು ಗ್ರಿಲ್ಲಿನ ಆಚೆ ನಿಂತಿದ್ದಳು. ಬೀಗ ತೆಗೆಯಲು ಮೌಲಾ ಸಾಬ್ ಇನ್ನೂ ಬಂದಿರಲಿಲ್ಲ. ಸರಳುಗಳ ನಡುವೆ ಮುಖವಿಟ್ಟು ಮೆಲ್ಲಗೆ, “ಆ ಹಾಳಿ ಏನು ಮಾಡಿದ್ಯವ್ವ?” ಎಂದಳು. “ಒಬ್ರಿಗಾರ ಹೇಳಿದ್ಯಾ? ಹೊಟ್ಟೆಯಾಗೆ ಇಟ್ಕೊಂಡ್ರೆ ನಿನಗಾ ಭಾರ.”

ಅವಳಿಗಾದರೂ ಹೇಳಬಹುದಿತ್ತು. ಅವಳಿಗೆ ಅರ್ಧ ಗೊತ್ತೇ ಇತ್ತು. ಆದರೆ ಅವಳು ಆವರಗೆರೆಯ ಮೇಲೆ ದಿನಾ ನಡೆದು ಮನೆಗೆ ಹೋಗುವವಳು. ಆಶಾಳ ಓಣಿ ದಾಟಿಯೇ ಹೋಗುವವಳು. ರೇಖಾಳ ಮುಖ, ಸನೋಬರ್ ಆಪಾರ ಎಂಟು ತಿಂಗಳು, ಹದಿನಾಲ್ಕು ಮನೆಗಳಲ್ಲಿ ಇನ್ನೂ ಒಣಗದ ಮಸಿ ಕಣ್ಣ ಮುಂದೆ ಬಂದವು.

“ಯಾವ ಹಾಳೆ ಮೈಲಮ್ಮ?” ಎಂದೆ.

ಅವಳು ನನ್ನನ್ನೇ ನೋಡಿದಳು. ದೂರದಲ್ಲಿ ಕೀಲಿಗೊಂಚಲಿನ ಸದ್ದು ಬರುತ್ತಿತ್ತು. ಅದು ಹತ್ತಿರವಾಗುವುದರೊಳಗೆ ನಾನು ನಿರ್ಧರಿಸಿದ್ದೆ. ಅವಳಿಗಾಗಲಿ, ಹಾಲಸ್ವಾಮಿಗಾಗಲಿ, ಮೂರು ತಿಂಗಳ ಮೇಲೆ ಆ ಸಮಿತಿಗಾಗಲಿ, ಯಾರಿಗೂ ಹೇಳುವುದಿಲ್ಲ.